ಮಾವನ ಮೀಸೆ ಹೋದ ಬಗೆ

ನಮ್ಮ ಸೋದರಮಾವ ಸತ್ತಷ್ಟು ಸಲ ಕೊಪ್ಪಳ ಸೀಮೆಯಲ್ಲಿ ಇನ್ನಾರೂ ಸತ್ತಿಲ್ಲ. ಕತ್ತಿಯಿಂದ ಸತ್ತಿದ್ದಾನೆ, ಬಾಣದಿಂದ ಸತ್ತಿದ್ದಾನೆ, ಒಮ್ಮೆ ಆನೆಯ ಕಾಲಿಗೆ ಸಿಕ್ಕು ಸತ್ತಿದ್ದಾನೆ. ಪ್ರತಿ ಸಲವೂ ಎದ್ದು, ಮೈಮೇಲಿನ ಧೂಳು ಕೊಡವಿ, ಚಹಾ ಕುಡಿದಿದ್ದಾನೆ. ಹೀಗೆ ಸಾಯುವುದಕ್ಕೆಂದೇ ಮುಂಬಯಿಯ ಸಿನಿಮಾದವರು ಅವನಿಗೆ ಪಗಾರ ಕೊಡುತ್ತಿದ್ದರು. ಅವನು ಸಾಯದೆ ಉಳಿಯಬೇಕಾಗಿದ್ದ ಪಾತ್ರ ಒಂದೇ ಒಂದು. ಅದನ್ನು ಹಾಳು ಮಾಡಿದವನು ನಾನು.

ಸಿನಿಮಾಕ್ಕೆ ಮೊದಲು ಅವನದು ಫುಟ್‌ಬಾಲು. ಹೈದರಾಬಾದಿನ ಗಿರಣಿಯೊಂದು ತನ್ನ ತಂಡಕ್ಕಾಗಿ ಅವನನ್ನು ಇಟ್ಟುಕೊಂಡಿತ್ತು. ಗಿರಣಿಯೊಳಗೆ ಅವನು ಕಾಲಿಟ್ಟದ್ದೇ ಇಲ್ಲ. ಚೆಂಡಿಗೆ ಕಾಲು ಕೊಟ್ಟರೆ ಸಾಕು, ತಿಂಗಳಾದೊಡನೆ ಪಗಾರ! ಅಜ್ಜಿಗೆ ಈ ನೌಕರಿ ಅರ್ಥವಾಗಲೇ ಇಲ್ಲ. ಓಣಿಯ ಹೆಂಗಸರು, "ಮಗಾ ಏನ್ ಕೆಲಸಾ ಮಾಡ್ತಾನ್ರಿ?" ಎಂದರೆ, "ಒದೀತಾನ" ಎನ್ನುತ್ತಿದ್ದಳು.

"ಯಾರನ್ನ?"

"ದೊಡ್ಡವರು ಯಾರನ್ನ ಒದಿ ಅಂತಾರೋ ಅವರನ್ನ."

ಪೊಲೀಸ್ ಖಾತೆಯಲ್ಲೇ ಇರಬೇಕೆಂದು ಓಣಿಯವರು ಅಜ್ಜಿಗೆ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡತೊಡಗಿದರು.

ಮಾವ ರಜೆಗೆ ಬಂದರೆ ಅವನ ಕೈಗಳಿಗೂ ರಜೆ. ಬಾಗಿಲನ್ನು ಕಾಲಿನಿಂದ ಮುಚ್ಚುವನು, ಮಣೆಯನ್ನು ಕಾಲಿನಿಂದ ಎಳೆದುಕೊಳ್ಳುವನು, ಕಿನ್ನಾಳದ ಮರದ ಗಿಣಿಯನ್ನು ಪಾದದ ಮೇಲೆ ಕೂರಿಸಿಕೊಂಡು ಪಡಸಾಲೆಯ ತುಂಬ ಕುಂಟುವನು. ಅಜ್ಜಿ ಬೈದರೆ ಕಾಲು ತಾಗಿದ ವಸ್ತುವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವನು. ಒಮ್ಮೆ ಕುಂಬಳಕಾಯಿ ಒದ್ದು ಅದು ಎರಡು ಹೋಳಾದಾಗ, ಎರಡಕ್ಕೂ ಬೇರೆಬೇರೆಯಾಗಿ ನಮಸ್ಕಾರ ಮಾಡಿದ.

ಆಮೇಲೆ ಮೊಣಕಾಲು ಕೆಟ್ಟಿತು. ಗಿರಣಿ ಅವನನ್ನು ಬಿಟ್ಟಿತು. ಗೆಳೆಯನೊಬ್ಬ ಮುಂಬಯಿಯ ಸಿನಿಮಾದವರ ಹತ್ತಿರ ಕರೆದೊಯ್ದ. ಯುದ್ಧದ ಚಿತ್ರಗಳಿಗೆ ಬೀಳುವವರು ಬೇಕಾಗಿತ್ತು. ಎದುರಾಳಿ ಮುಟ್ಟುವ ಮೊದಲೇ ಬಿದ್ದು ರೆಫರಿಯ ಕರುಣೆ ಗಿಟ್ಟಿಸುವ ವಿದ್ಯೆಯಲ್ಲಿ ಮಾವ ಪಳಗಿದವನಲ್ಲವೇ? ಬಿದ್ದ. ಕೆಲಸ ಸಿಕ್ಕಿತು.

ಕೊಪ್ಪಳದ ಚಹಾದಂಗಡಿಯಲ್ಲಿ ಜನ ಅವನನ್ನು ಸುತ್ತುವರಿಯುತ್ತಿದ್ದರು. "ಒಮ್ಮೆ ಸತ್ತು ತೋರಸ್ರಿ."

"ಬಾಣದ ಸಾವೋ, ಕತ್ತೀದೋ?"

"ನಿಮಗ ಹೆಂಗ ಅನುಕೂಲೋ ಹಂಗ್ರಿ."

ಮಾವ ಎದೆ ಹಿಡಿದುಕೊಂಡು ಧೊಪ್ಪನೆ ಬೀಳುತ್ತಿದ್ದ. ಒಲೆಯ ಹತ್ತಿರದಿಂದ ಅಂಗಡಿಯವನು, "ಬಾಗಲ್ದಾಗ ಸಾಯಬ್ಯಾಡ್ರಿ, ಗಿರಾಕಿ ಒಳಗ ಹೆಂಗ ಬರಬೇಕು?" ಎನ್ನುತ್ತಿದ್ದ.

ನಗದವಳು ಅಜ್ಜಿಯೊಬ್ಬಳೇ. ಗಂಗಾವತಿಯ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಒಂದು ಸಲ ಮಗನ ಸಾವನ್ನು ನೋಡಿ ಅರ್ಧಕ್ಕೇ ಎದ್ದು ಬಂದಿದ್ದಳು. "ಹಡದಾಕಿ ಮುಂದ ಸಾಯೋ ನೌಕರಿ ಇದೆಂಥಾದ್ದೋ? ಒಂದ ಪಿಚ್ಚರ್‌ನ್ಯಾಗರ ಬದುಕಿ ಉಳಿ. ಅವತ್ತ ನೋಡಾಕ ಬರ್ತೀನಿ" ಎಂದಿದ್ದಳು.

ಆ ದಿನವೂ ಬಂದಿತು. ಮಾವನಿಗೆ ಕಿಲ್ಲೇದಾರನ ಪಾತ್ರ ಸಿಕ್ಕಿತು. ಕೋಟೆಯ ಬಾಗಿಲು ಕಾಯುವ ಸರದಾರ. ಕೊನೆಯ ತನಕ ಜೀವಂತ. ಕೊನೆಯಲ್ಲಿ ರಾಜನ ಮುಂದೆ ನಿಂತು ನಾಲ್ಕು ಮಾತು ಆಡಬೇಕು. ಅದಕ್ಕೆಂದೇ ಅವನು ಮೀಸೆ ಬೆಳೆಸಿದ್ದ. ಅಂಟಿಸಿದ್ದಲ್ಲ, ಸ್ವಂತದ್ದು! ಕೋಟೆ ಬಾಗಿಲಿನ ದೃಶ್ಯ ಮುಗಿದಿದೆ, ರಾಜನ ಮುಂದಿನ ಮಾತಷ್ಟೇ ಬಾಕಿ ಎಂದು ಮನೆಗೆ ಬರೆದಿದ್ದ.

ಅಷ್ಟರಲ್ಲಿ ಅಜ್ಜಿ ಹಿತ್ತಲಲ್ಲಿ ಎರಡು ಕಾಗೆಗಳು ಕೂಡಿದ್ದನ್ನು ನೋಡಿಬಿಟ್ಟಳು.

ನಮ್ಮ ಕಡೆ ಅದನ್ನು ಕಂಡವರಿಗೆ ಸಾವು ಕಾದಿದೆ ಎಂದು ನಂಬಿಕೆ. ಪರಿಹಾರವೂ ಉಂಟು. ಅವರು ಸತ್ತರೆಂದು ನಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ನಂಟರು ನಿಜವಾಗಿ ಅಳಬೇಕು. ಅತ್ತ ಕೂಡಲೇ ಸುಳ್ಳೆಂದು ತಿಳಿಸಬೇಕು. ಗಂಡಾಂತರ ಕಳೆಯಿತು. ಯಲಬುರ್ಗಿಯ ಮಗಳು ಅತ್ತಳು, ಕುಷ್ಟಗಿಯ ಮಗಳು ಅತ್ತಳು. ಅಜ್ಜಿಗೆ ಸಮಾಧಾನವಾಗಲಿಲ್ಲ. "ಅವರು ಉಳ್ಳಾಗಡ್ಡಿ ಹೆಚ್ಚಿದ್ರೂ ಅಳ್ತಾರ. ಮಗಾ ಅಳಬೇಕು" ಎಂದಳು.

ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಿಜಾಮರ ಕಾಲವಾದ್ದರಿಂದ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಅಷ್ಟು ಓದಿದವನು ನಾನೊಬ್ಬನೇ. ರೈಲ್ವೆ ಸ್ಟೇಷನ್ನಿನ ತಂತಿ ಕಚೇರಿಗೆ ಹೋಗಿ ಮಾವನಿಗೆ ಎರಡು ತಾರು ಕೊಡುವ ಕೆಲಸ ನನಗೆ ಬಿತ್ತು. ತಾಯಿ ತೀರಿಕೊಂಡಳೆಂದು ಮೊದಲನೆಯದು. ಸುಳ್ಳು, ಕಾಗೆಯ ವಿಷಯ ಎಂದು ಎರಡನೆಯದು.

ಮೊದಲನೆಯದನ್ನು ಕೊಟ್ಟೆ. ಎರಡನೆಯದನ್ನು ಕೊಡಲಿಲ್ಲ.

ಮುಂದಿನ ಶುಕ್ರವಾರ, ಸಾಲೆಯ ರಜೆಯ ದಿನ, ಗಂಗಾವತಿಯ ಹುಡುಗರೊಂದಿಗೆ ನಮ್ಮ ಫುಟ್‌ಬಾಲ್ ಪಂದ್ಯವಿತ್ತು. ಹಿಂದಿನ ಸಲ ಸೋತು ಅವರಿಂದ ಅನ್ನಬಾರದ್ದೆಲ್ಲ ಅನ್ನಿಸಿಕೊಂಡಿದ್ದೆವು. ಮಾವ ಬಂದು ಒಂದು ದಿನ ಆಡಿ ಹೋದರೆ ಯಾರ ಗಂಟು ಹೋಗುತ್ತದೆ? ನಾನು ಯೋಚಿಸಿದ್ದು ಇಷ್ಟೇ.

ಮಾವನನ್ನು ಇದಿರುಗೊಳ್ಳಲು ಚೆಂಡು ಹಿಡಿದುಕೊಂಡು ಸ್ಟೇಷನ್ನಿಗೆ ಹೋದೆ. ಇಳಿದವರಲ್ಲಿ ಮೀಸೆಯವರನ್ನೆಲ್ಲ ಹುಡುಕಿದೆ. ತಲೆ ಬೋಳಿಸಿದ ಒಬ್ಬಾತ ನನ್ನ ಮುಂದೆ ಬಂದು ನಿಂತ. ಮೀಸೆಯೂ ಇರಲಿಲ್ಲ. ಮನೆ ಮುಟ್ಟುವುದರೊಳಗೆ ಹೊತ್ತು ಮೀರೀತೆಂದು, ಗಾಡಿ ಬದಲಿಸುವಾಗ ಹುಬ್ಬಳ್ಳಿಯಲ್ಲೇ ಕ್ಷೌರ ಮಾಡಿಸಿಕೊಂಡಿದ್ದ. ಸತ್ತ ತಾಯಿಗೆ ಮಗ ಮಾಡಬೇಕಾದ ಮೊದಲ ಕೆಲಸ ಅದು.

"ಅಳಿಯಾ, ಅವ್ವನ್ನ ಒಯ್ದ್ರೇನು? ನನ್ನ ಸಲುವಾಗಿ ಇಟ್ಟಾರೇನು?"

"ಅಜ್ಜಿ ಛಲೋ ಅದಾಳ ಮಾವಾ. ಕಾಗಿ ನೋಡಿದ್ಲು."

ಮಾವ ತನ್ನ ಟ್ರಂಕಿನ ಮೇಲೆ ಕುಳಿತ. ಮೊದಲು ನಕ್ಕ, ತಾಯಿ ಬದುಕಿದ ಸಂತೋಷಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕೈ ಮೂಗಿನ ಕೆಳಗೆ ಹೋಯಿತು. ಅಲ್ಲೇ ನಿಂತಿತು.

"ಇನ್ನೊಂದು ತಾರು ಹಾಕಬೇಕಿತ್ತಲ್ಲೋ?"

"ಹಾಕಿದ್ದೆ ಮಾವಾ. ಮುಟ್ಟಲಿಲ್ಲೇನು?"

"ಇಲ್ಲ ಬಿಡು. ಲಡಾಯಿ ಕಾಲ, ತಾರು ದಾರಿ ತಪ್ಪಿರಬೇಕು" ಎಂದು ಅವನೇ ನನ್ನ ಸುಳ್ಳಿಗೆ ಕಾರಣ ಹುಡುಕಿಕೊಟ್ಟ.

ಮನೆಯಲ್ಲಿ ಅಜ್ಜಿ ಶೇಂಗಾ ಸುಲಿಯುತ್ತಿದ್ದಳು. ಬೋಳುತಲೆಯನ್ನು ನೋಡಿ ಹೌಹಾರಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅತ್ತೀಯೇನೋ?"

"ಅತ್ನವ್ವಾ."

"ಎಲ್ಲೀತನಾ?"

"ಪುಣೆದಿಂದ ಹುಬ್ಬಳ್ಳಿತನಾ."

"ಹಂಗಾರ ಸಾಕು" ಎಂದು ಅವನ ಕೈಗೆ ಶೇಂಗಾ ಕೊಟ್ಟಳು.

ಶುಕ್ರವಾರ ಮಾವ ಕುಂಟುತ್ತಲೇ ಆಡಿದ. ಗಂಗಾವತಿಯವರು ಸೋತರು. ಆ ಸಂಜೆ ನನಗೆ ಬಹಳ ಸಂತೋಷವಾಯಿತು. ತಪ್ಪೊಪ್ಪಿಕೊಳ್ಳಲು ಕುಳಿತವನು ಇದನ್ನು ಮುಚ್ಚಿಡಬಾರದು.

ಮುಂಬಯಿಯಲ್ಲಿ ಯಾರೂ ಮೀಸೆ ಬೆಳೆಯುವವರೆಗೆ ಕಾಯಲಿಲ್ಲ. ಕಟ್ಟಿದ ಕೋಟೆಯನ್ನು ಕೆಡವಿ ಬೇರೆ ಚಿತ್ರಕ್ಕೆ ಅರಮನೆ ಕಟ್ಟಬೇಕಾಗಿತ್ತು. ಅಂಟುಮೀಸೆ ಹಚ್ಚಿ ನೋಡಿದರು, ಮೊದಲಿನದಕ್ಕೆ ಹೊಂದಲಿಲ್ಲ. ಕೊನೆಗೆ ಕಿಲ್ಲೇದಾರ ಯುದ್ಧದಲ್ಲಿ ಮಡಿದನೆಂದು ಇನ್ನೊಬ್ಬ ನಟನಿಂದ ಒಂದು ಮಾತು ಹೇಳಿಸಿ ಕೈತೊಳೆದುಕೊಂಡರು. ಬೀಳುವುದರಲ್ಲಿ ಅಷ್ಟು ಹೆಸರು ಮಾಡಿದವನಿಗೆ ಈ ಸಲ ಬೀಳಲೂ ಬಿಡಲಿಲ್ಲ. ಆಮೇಲೆ ಅಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಟ್ರಂಕು ಹೊತ್ತುಕೊಂಡು ಕೊಪ್ಪಳಕ್ಕೇ ಬಂದುಬಿಟ್ಟ.

ಆ ಚಿತ್ರ ನಮ್ಮೂರ ಡೇರೆಗೆ ಬಂದಾಗ ಮಾವ ಬರಲೊಲ್ಲೆನೆಂದ. ಅಜ್ಜಿಗೆ ಅವನು ನಿಜ ಹೇಳಿರಲಿಲ್ಲ. ಈ ಚಿತ್ರದಲ್ಲಿ ಮಗ ಬದುಕುತ್ತಾನೆಂದೇ ನಂಬಿ ಅವಳು ಮೊದಲನೆಯ ಆಟಕ್ಕೆ ನನ್ನನ್ನು ಕರೆದುಕೊಂಡು ಹೊರಟಳು. ಪರದೆಯ ಮೇಲೆ ಕೋಟೆಯ ಬಾಗಿಲು ತೆರೆಯಿತು. ಮೀಸೆ ಹೊತ್ತು ಮಾವ ನಿಂತಿದ್ದ. ಎಷ್ಟು ಚೆನ್ನಾಗಿ ನಿಂತಿದ್ದ! ಅಜ್ಜಿ ನನ್ನ ತೋಳು ಚಿವುಟಿದಳು. ಆಮೇಲೆ ಯುದ್ಧ, ಆಮೇಲೆ ಹರಿದ ಅಂಗಿಯ ಸಿಪಾಯಿಯೊಬ್ಬ ರಾಜನಿಗೆ ಉರ್ದುವಿನಲ್ಲಿ ಆ ಒಂದು ಮಾತು ಹೇಳಿದ. ಆಟ ಮುಗಿದರೂ ಅಜ್ಜಿ ಮಗನಿಗಾಗಿ ಕಾಯುತ್ತ ಕುಳಿತಿದ್ದಳು.

"ಎಲ್ಲಿ ಹೋದ ನನ್ನ ಮಗಾ? ಆ ಹರಕಂಗಿಯಾಂವ ಬಂದು ರಾಜಾಗ ಏನಂದ?"

ಅವಳಿಗೆ ಉರ್ದು ಬಾರದು. ನನಗೆ ಬರುತ್ತಿತ್ತು.

"ಕಿಲ್ಲೇದಾರ ಬಾಗಲಾ ಕಾಯಾಕ ನಿಂತಾನ, ಬಿಟ್ಟು ಬರಾಕ ಆಗೂದಿಲ್ಲ ಅಂದ, ಅಜ್ಜಿ."

"ಸಾಯಲಿಲ್ಲಲಾ?"

"ಇಲ್ಲ."

ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕುಳಿತಿದ್ದ. ಎರಡನೆಯ ತಾರಿನ ಮಾತು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವನ ಪಕ್ಕದಲ್ಲಿ ಕುಳಿತು, ಕೆಟ್ಟ ಮೊಣಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ನೀವತೊಡಗಿದಳು.

"ಕಾಲು ಸೋತಿರಬೇಕಲ್ಲೋ. ಎಷ್ಟೊತ್ತು ನಿಂತಿದ್ದಿ, ಒಬ್ಬನ."

ಮಾವ ನನ್ನ ಮುಖ ನೋಡಿದ. ಏನು ಅರ್ಥವಾಯಿತೋ, ತಾಯಿಯ ಕಡೆ ತಿರುಗಿದ.

"ಹೂಂ ಯವ್ವಾ. ಭಾಳ ಹೊತ್ತು ನಿಂತಿದ್ದೆ."