ದನದ ಡಾಕ್ಟ್ರಮ್ಮನ ಕೈಗೆ ಸಿಕ್ಕವರು

ಪಶುವೈದ್ಯೆಯಾದ ಮೇಲೆ ಹಸುಗಳಿಂದ ನನಗೆ ತೊಂದರೆಯಾದದ್ದು ಕಡಿಮೆ. ಒದೆಯುವ ಹಸು ಕೂಡ ಮೊದಲು ಬಾಲ ಝಾಡಿಸಿ ಸೂಚನೆ ಕೊಡುತ್ತದೆ. ಹಸು ಹಿಡಿದುಕೊಂಡು ಬರುವವರು ಮಾತ್ರ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹಾಗಾಗಿ ಇಂಥದ್ದು ನನಗೆ ಆಗುತ್ತಲೇ ಇರುತ್ತದೆ.

ಡಾಕ್ಟ್ರು ಬರೋಗಂಟ

ನನ್ನ ಮೊದಲ ಪೋಸ್ಟಿಂಗ್ ನುಗ್ಗೇಹಳ್ಳಿ ಕಡೆ. ಸೇರಿದ ವಾರದಲ್ಲೇ ಒಬ್ಬ ಅಜ್ಜ ಓಡಿಬಂದ. ಹಸುವಿಗೆ ಹೆರಿಗೆ ನೋವು, ಕರು ಅಡ್ಡ ಸಿಕ್ಕಿಕೊಂಡಿದೆ.

"ಡಾಕ್ಟ್ರೆಲ್ಲವ್ವ?"

"ನಾನೇ ಅಜ್ಜ, ನಡೀರಿ."

ಅಜ್ಜ ನನ್ನನ್ನು ನೋಡಿದ. ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರಾ ಅಂತಲೂ ನೋಡಿದ. "ಸರಿ ಬುಡವ್ವ. ಅವ್ರು ಬರೋಗಂಟ ನೀನೇ ಒಸಿ ನೋಡ್ತಿರು" ಅಂದ.

ಕೊಟ್ಟಿಗೆಯಲ್ಲಿ ಮಂಡಿಯೂರಿ ಕೂತೆ. ಒಳಗೆ ಮಡಚಿಕೊಂಡಿದ್ದ ಕಾಲನ್ನು ತಡಕಿ ಹಿಡಿದು ನೆಟ್ಟಗೆ ಮಾಡುವಷ್ಟರಲ್ಲಿ ನನ್ನ ತೋಳು ಸೋತು ಹೋಯಿತು. ಕರು ಸತ್ತಿರಬಹುದು ಅಂತ ಭಯವಾಗಿತ್ತು. ಕೊನೆಗೆ ಜಾರಿಕೊಂಡು ಹೊರಗೆ ಬಿತ್ತು, ಬಿದ್ದಿದ್ದೇ ಸೀನಿತು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಅಜ್ಜನ ಕಣ್ಣಲ್ಲಿ ನೀರು. ನನ್ನ ತಲೆ ಸವರಿ ಹೇಳಿದ: "ಡಾಕ್ಟ್ರು ಬರ್ಲಿ, ಎಲ್ಲಾ ನೀನೇ ಮಾಡ್ದೆ ಅಂತ ನಾನೇ ಏಳ್ತೀನಿ. ನಿನ್ ಕೆಲ್ಸ ಪರ್ಮನೆಂಟ್ ಮಾಡ್ಲಿ!"

ಮೆಲುಕು

ಚನ್ನರಾಯಪಟ್ಟಣದ ನಮ್ಮ ಮನೆಗೆ ಸಾಲಗಾಮೆ ಕಡೆಯಿಂದ ಗಂಡಿನವರು ಬಂದರು. ಮದುವೆ ಮಾತು ತಂದಿದ್ದ ದಲ್ಲಾಳಿ ಅವರಿಗೆ "ಹುಡುಗಿ ಡಾಕ್ಟ್ರು" ಅಂತ ಅಷ್ಟೇ ಹೇಳಿದ್ದ. ಉಪ್ಪಿಟ್ಟು ಕೊಡುವಾಗಲೇ ಹುಡುಗನ ತಾಯಿ ತಮ್ಮ ಮಂಡಿನೋವು, ಗ್ಯಾಸು, ತಲೆಸುತ್ತು ಎಲ್ಲ ವಿವರಿಸಿ, ನಾಡಿ ನೋಡಲು ಕೈ ಚಾಚಿದರು. ಇಲ್ಲ ಅನ್ನಲಾಗದೆ ಹಿಡಿದುಕೊಂಡೆ.

ಅಷ್ಟರಲ್ಲಿ ನನಗೊಂದು ಫೋನು ಬಂತು. ಒಂದು ಕೈಲಿ ಅವರ ನಾಡಿ, ಇನ್ನೊಂದು ಕೈಯ ಬೆರಳು ತಪ್ಪಿ ಸ್ಪೀಕರ್ ಒತ್ತಿಬಿಟ್ಟಿತು.

"ಡಾಕ್ಟ್ರಮ್ಮಾ, ನೀವು ಕೊಟ್ಟಿದ್ ಔಸ್ತಿ ಬಿದಿರು ಗೊಟ್ಟದಲ್ಲಿ ಬಾಯ್ಗೆ ಉಯ್ದೆ. ಸಗಣಿ ಆಕ್ತು, ಮೆಲುಕು ಮಾತ್ರ ಆಕ್ತಿಲ್ಲ!"

ಆ ತಾಯಿ ಮೆಲ್ಲಗೆ ಕೈ ಎಳೆದುಕೊಂಡರು. ನಮ್ಮಪ್ಪ ಛಾವಣಿ ನೋಡತೊಡಗಿದರು. ಸಂಬಂಧ ಮುರಿಯಿತು ಅಂದುಕೊಂಡೆ. ಬೇಸರವೂ ಆಯಿತು, ಯಾಕೆಂದರೆ ಹುಡುಗ ನಗು ತಡೆಯಲಾರದೆ ಕರ್ಚೀಫು ಕಚ್ಚಿಕೊಂಡಿದ್ದ.

ಆತನ ತಾಯಿ ಮಗನ ಕಡೆ ತಿರುಗಿ ನೋಡಿ ಹೇಳಿದರು: "ಒಳ್ಳೇದೇ ಆಯ್ತು ಬುಡಿ. ನಮ್ಮುಡುಗನೂ ಏನ್ ಕೇಳುದ್ರೂ ಬಾಯ್ ಬಿಡಕ್ಕಿಲ್ಲ. ಬಾಯ್ ಬಿಡದಿರೋರ ಕಾಯ್ಲೆ ಗೊತ್ತಾಗೋ ಡಾಕ್ಟ್ರೇ ಬೇಕಾಗಿತ್ತು."

ಹಾರ ತಪ್ಪಿದ್ದು

ಪ್ರಮೋಷನ್ ಆಗಿ ಅರಕಲಗೂಡಿಗೆ ಹೋದೆ. ರೈತರ ಸಭೆಯೊಂದರಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದರು. ಭಾನುವಾರ ಅಂತ ನನ್ನ ಮನೆಯವರೂ ಜತೆಗೆ ಬಂದರು. ಅದೇ ಕರ್ಚೀಫು ಕಚ್ಚಿಕೊಂಡಿದ್ದ ಹುಡುಗ, ಹೈಸ್ಕೂಲಿನ ಗಣಿತದ ಮೇಷ್ಟ್ರು. ಕಾರಿನಿಂದ ಇಳಿದಿದ್ದೇ ತಡ, ಸಭೆ ಏರ್ಪಡಿಸಿದ್ದವರು "ಬನ್ನಿ ಸಾ, ಬನ್ನಿ ಸಾ" ಅಂತ ಅವರನ್ನೇ ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಹಾರ ಹಾಕಿಬಿಟ್ಟರು. ನನಗೆ ಹೆಂಗಸರ ಸಾಲಿನಲ್ಲಿ ಒಂದು ಕುರ್ಚಿ ಸಿಕ್ಕಿತು.

ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಇವರೇನು ಮಾಡುತ್ತಾರೆ ನೋಡೋಣ ಅನ್ನಿಸಿತು.

ಮೈಕು ಕೊಟ್ಟು "ಕಾಲುಬಾಯಿ ಜ್ವರದ ಬಗ್ಗೆ ಎರಡು ಮಾತು ಸಾ" ಅಂದರು. ಇವರು ಬೆವರೊರೆಸಿಕೊಂಡು ನನ್ನನ್ನು ಹುಡುಕಿದರು. ನಾನು ಕೈಬಳೆ ಸರಿಮಾಡಿಕೊಳ್ಳುತ್ತಾ ಕೂತಿದ್ದೆ.

"ಕಾಲುಬಾಯಿ ಬಗ್ಗೆ ನನಗೆ ಗೊತ್ತಿರೋದು ಒಂದೇ" ಅಂದರು ಮೇಷ್ಟ್ರು. "ಹೆಂಡತಿ ಜತೆ ಹೊರಟರೆ ಕಾಲು ಆಡುತ್ತೆ, ಬಾಯಿ ಆಡಲ್ಲ. ಆಫೀಸರ್ ನಾನಲ್ಲ, ಅವರು. ಅಗೋ, ಅಲ್ಲಿ ನಗ್ತಾ ಕೂತಿದ್ದಾರೆ."

ಗಂಡಂದಿರ ತರಬೇತಿ

ಹೊಳೆನರಸೀಪುರ ಕಡೆಯ ಒಂದು ಹಳ್ಳಿಯಲ್ಲಿ ಮಹಿಳೆಯರ ಹಾಲಿನ ಸಂಘ ಕಟ್ಟಲು ನಾನು ತಿಂಗಳುಗಟ್ಟಲೆ ಓಡಾಡಿದ್ದೆ. ಅಧ್ಯಕ್ಷೆ, ನಿರ್ದೇಶಕಿಯರು ಎಲ್ಲರೂ ಹೆಂಗಸರೇ. ಮೊದಲ ಮೀಟಿಂಗಿಗೆ ಹೋಗಿ ನೋಡಿದರೆ ಜಮಖಾನದ ಮೇಲೆ ಬರೀ ಗಂಡಸರು!

"ಹೆಂಗಸ್ರೆಲ್ಲಿ?"

ಅಧ್ಯಕ್ಷೆಯ ಗಂಡ ಮೀಸೆ ನೀವಿಕೊಂಡ. "ಅವ್ಕೇನ್ ಗೊತ್ತಾಯ್ತದೆ ಮೇಡಮ್ಮು? ಅವ್ರ ಬದ್ಲು ನಾವೇ ಬಂದಿವಿ. ಅವ್ರ ಕೆಲ್ಸ ಎಲ್ಲಾ ನಾವೇ ಮಾಡ್ತೀವಿ."

ಅಷ್ಟು ಓಡಾಡಿದ್ದು ಇದಕ್ಕಾ ಅನ್ನಿಸಿತು. ಆದರೂ ನಗುನಗುತ್ತಾ ಹೇಳಿದೆ: "ಬಹಳ ಸಂತೋಷ. ಇವತ್ತು ಹೆಂಗಸರಿಗೆ ಹಸುವಿನ ಗರ್ಭ ಪರೀಕ್ಷೆ ತರಬೇತಿ ಇತ್ತು. ಬನ್ನಿ, ಒಬ್ಬೊಬ್ಬರಾಗಿ ಶರ್ಟಿನ ತೋಳು ಮಡಚಿ."

ಅಂಥ ತರಬೇತಿ ಏನೂ ಇರಲಿಲ್ಲ. ಹೊರಗೆ ಒಂದು ಸಾಧು ಹಸು ಇತ್ತು, ನನ್ನ ಬ್ಯಾಗಿನಲ್ಲಿ ಉದ್ದನೆ ಗ್ಲೌಸು ಇತ್ತು, ಅಷ್ಟೇ. ಮಿಕ್ಕವರು ನೋಡುತ್ತಿರುವಾಗ ಅಧ್ಯಕ್ಷೆಯ ಗಂಡ ಹಿಂದೆ ಸರಿಯಲಾಗದೆ ಮುಂದೆ ಬಂದ. ನಾನು ಪಕ್ಕದಲ್ಲೇ ನಿಂತು ಹೇಳಿದಂತೆ ಕೈ ಹಾಕಿದ.

"ಏನು ಸಿಕ್ತು?"

"ಸಗಣಿ, ಮೇಡಮ್ಮು."

"ಇನ್ನೂ ಮುಂದೆ ಹೋಗಿ."

"ಇನ್ನೂ ಮುಂದ್ಕೆ ಎಲ್ಲಿಗ್ ಓಗ್ಲಿ?" ಅನ್ನುವಷ್ಟರಲ್ಲಿ ಹಸು ಒಮ್ಮೆ ಕೆಮ್ಮಿತು. ಮೀಸೆಯೂ ಉಳಿಯಲಿಲ್ಲ, ಬಿಳಿ ಶರ್ಟೂ ಉಳಿಯಲಿಲ್ಲ. ತಿರುಗಿ ನೋಡಿದರೆ ಮಿಕ್ಕ ಗಂಡಸರೆಲ್ಲ ನಾಪತ್ತೆ.

ಮುಂದಿನ ತಿಂಗಳು ಹೆಂಗಸರೆಲ್ಲ ತಲೆಗೆ ಹೂ ಮುಡಿದು ಬಂದಿದ್ದರು. ಅಧ್ಯಕ್ಷೆ ಎದ್ದು ನಿಂತು, ಸೆರಗು ಸಿಕ್ಕಿಸಿ, ಸಂಘದ ಮೊದಲ ಠರಾವು ಮಂಡಿಸಿದಳು: "ಗಂಡಸ್ರಿಗೆ ಆ ತರಬೇತಿ ತಿಂಗ್ಳು ತಿಂಗ್ಳೂ ಆಗ್ಬೇಕು."

ಚಪ್ಪಾಳೆಯೋ ಚಪ್ಪಾಳೆ. "ಯಾಕಮ್ಮ, ಅವ್ರು ಅಷ್ಟು ಚೆನ್ನಾಗಿ ಕಲಿತ್ರಾ?" ಅಂದೆ.

"ಅದೆಲ್ಲ ನಂಗೊತ್ತಿಲ್ಲ ಕಣಕ್ಕ" ಅಂದಳು ಅಧ್ಯಕ್ಷೆ. "ಅವತ್ತು ಮನೇಗ್ ಬಂದು ನೀರು ಅವ್ರೇ ಕಾಯಿಸ್ಕಂಡ್ರು, ಶರ್ಟೂ ಅವ್ರೇ ಒಗ್ಕಂಡ್ರು. ಮದ್ವೆ ಆದಾಗಿಂದ ಇದೇ ಮೊದ್ಲು!"