ಕಡ್ಡಿ ಹೇಳಿದ ‘ಸಾಕು’

ತಾತ: ಚಮಚ ಕೆಳಗಿಡೇ! ಮಗು ಬಾಯಿಬಿಟ್ಟು ‘ಸಾಕು’ ಅಂತು. ಹುಟ್ಟಿದ ಮೇಲೆ ಆಡಿದ ಮೊದಲನೇ ಮಾತು. ಅದಕ್ಕಾದರೂ ಬೆಲೆ ಕೊಡು.

ಅಜ್ಜಿ: ಬೆಲೆ ಕೊಟ್ಟೇ ರೀ ತಿನ್ನಿಸ್ತಿರೋದು! ‘ಅಜ್ಜೀ, ನನ್ನ ಸಾಕು’ ಅಂದ. ಸಾಕ್ತಾ ಇದೀನಿ.

ಎತ್ತರದ ಕುರ್ಚಿಯಲ್ಲಿ ಕುಳಿತಿದ್ದವನು ಒಂದೂಕಾಲು ವರ್ಷದ ಮೊಮ್ಮಗ. ಹುಟ್ಟಿದಾಗ ಬೆಂಕಿಕಡ್ಡಿಯಂತಿದ್ದನೆಂದು ಮನೆಯವರು ‘ಕಡ್ಡಿ’ ಎಂದು ಕರೆದಿದ್ದರು. ಈಗ ಅವನನ್ನು ಎತ್ತಿದರೆ ಕುರ್ಚಿಯೂ ಜೊತೆಯಲ್ಲೇ ಮೇಲಕ್ಕೆ ಬರುತ್ತಿತ್ತು. ಹೆಸರು ಮಾತ್ರ ಹಾಗೆಯೇ ಉಳಿದಿತ್ತು.

ತಾತ: ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ವ್ಯಾಕರಣ ಹೇಳಿದವನಿಗೇ ಪಾಠವಾ? ಅದು ಅವ್ಯಯ ಕಣೇ. ಇನ್ನು ಹಾಕಬೇಡ ಅಂತ ಅರ್ಥ.

ಅಜ್ಜಿ: ನಿಮ್ಮ ಮನೆಪಾಠ ಅಡುಗೆಮನೆವರೆಗೂ ಕೇಳಿಸ್ತಿತ್ತು. ನೋಡು, ಓಡು, ಸಾಕು. ವಿಧ್ಯರ್ಥ, ಮಧ್ಯಮ ಪುರುಷ, ಏಕವಚನ!

ತಾತ: ಕ್ರಿಯಾಪದ ಅಂತೀಯಲ್ಲ, ಹಾಗಾದ್ರೆ ಕರ್ಮ ಎಲ್ಲಿ?

ಅಜ್ಜಿ: ಎದುರಿಗೇ ನಿಂತಿದೆಯಲ್ಲ ನನ್ನ ಕರ್ಮ!

ಗಲಾಟೆ ಕೇಳಿ ಕಡ್ಡಿಯ ತಾಯಿ, ಅಂದರೆ ಇವರ ಮಗಳು, ಡಾಕ್ಟರು ಬರೆದುಕೊಟ್ಟ ಹಾಳೆ ಹಿಡಿದು ಬಂದಳು.

ಮಗಳು: ಅಮ್ಮಾ, ಇವನ ತೂಕ ಎರಡೂವರೆ ವರ್ಷದ ಮಗುವಿನಷ್ಟಿದೆ ಅಂತ ಡಾಕ್ಟರು ಹೇಳಲಿಲ್ವಾ?

ಅಜ್ಜಿ: ಅಂದ್ರೆ ಒಂದೂಕಾಲು ವರ್ಷ ಮುಂದಿದಾನೆ! ನಿಮ್ಮಪ್ಪನ ಶಾಲೆಯಲ್ಲಿ ಯಾರಾದ್ರೂ ಹೀಗೆ ಕ್ಲಾಸು ಹಾರಿ ಪಾಸಾಗಿದ್ರಾ?

ಮಗಳು: ಮಗು ಸಾಕು ಅಂದ ಮೇಲೆ ಒಂದು ಚಮಚವೂ ಕೂಡದಂತೆ. ಸೋಮವಾರ ತಕ್ಕಡಿ ಮುಳ್ಳು ಮತ್ತೆ ಮೇಲೆ ಹೋದ್ರೆ ಈ ಬಟ್ಟಲು ನನ್ನ ಕೈಗೆ ಬರುತ್ತೆ. ನೀನು ದೂರ ನಿಂತು ನೋಡಬೇಕು, ಅಷ್ಟೇ.

ಅಜ್ಜಿ ಗಂಜಿಯ ಬಟ್ಟಲನ್ನು ಎದೆಗೆ ಒತ್ತಿಕೊಂಡರು.

ಅಜ್ಜಿ: ಅಂಗೈಯಲ್ಲಿ ಹಿಡಿಸ್ತಿದ್ದ ಕಣೇ ಇವನು. ಹತ್ತಿ ಅದ್ದಿ ಹನಿ ಹನಿ ಹಾಲು ಹಾಕಿದ ಕೈ ಇದು.

ಮಗಳು: ಗೊತ್ತಮ್ಮ. ಈಗ ತೊಡೆ ಮೇಲೂ ಹಿಡಿಸಲ್ಲ.

ಕಡ್ಡಿ: ಸಾಕು!

ಹಾಗೆಂದವನೇ ಹಕ್ಕಿಮರಿಯಂತೆ ಬಾಯಿ ತೆರೆದ. ಯಾರೂ ತಡೆಯುವ ಮೊದಲೇ ಎರಡು ಚಮಚ ಒಳಗೆ ಹೋಯಿತು.

ಅಜ್ಜಿ: ನೋಡಿದ್ರಾ? ಬೇಡವಾದವನು ಬಾಯಿ ಯಾಕೆ ತೆಗೀತಾನೆ?

ತಾತ ತಲೆ ಕೆರೆದುಕೊಂಡರು. ವ್ಯಾಕರಣದಲ್ಲಿ ಇದಕ್ಕೆ ಸೂತ್ರವಿರಲಿಲ್ಲ.

ಮಗಳು: ಅಪ್ಪಾ, ನೀವು ಊಟಕ್ಕೆ ಕೂತು ‘ಸಾಕು’ ಅಂದ್ರೆ ಅಮ್ಮ ಏನು ಮಾಡ್ತಾಳೆ?

ತಾತ: ಇನ್ನೊಂದು ಸೌಟು ಹಾಕ್ತಾಳೆ.

ಮಗಳು: ‘ಸಾಕು ಸಾಕು’ ಅಂದ್ರೆ?

ತಾತ: ಎರಡು ಸೌಟು. ಕೈ ಅಡ್ಡ ಹಿಡಿದ್ರೆ ಕೈ ಮೇಲೇ ಒಂದು.

ಮಗಳು: ಪಕ್ಕದಲ್ಲಿ ಕೂತು ದಿನಾ ನೋಡ್ತಾನಲ್ಲ ಇವನು! ಈ ಮನೆಯಲ್ಲಿ ಸಾಕು ಅಂದ್ರೆ ಹಾಕು ಅಂತ ಕಲಿತಿದಾನೆ. ಈಗಲೇ ಊಟಕ್ಕೆ ಕೂರಿ, ತಪ್ಪು ತಿದ್ದೋಣ.

ತಾತ ಕಡ್ಡಿಯ ಎದುರು ಕುಳಿತರು. ಒಂದು ಸೌಟು ಬಿತ್ತು. ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದರು.

ತಾತ: ಸಾಕು.

ಅಜ್ಜಿ ಪಾತ್ರೆಗೆ ಟಪ್ಪನೆ ಮುಚ್ಚಳ ಹಾಕಿದರು.

ತಾತ: ಲೇ, ಇದು ಮರ್ಯಾದೆಗೆ ಅಂದ ಸಾಕು ಕಣೇ!

ಅಜ್ಜಿ: ಅವ್ಯಯ ಅಂದ್ರಲ್ಲ? ಅವ್ಯಯ ಬದಲಾಗಲ್ಲ.

ಕಡ್ಡಿ ಒಂದೇ ಸೌಟು ಬಿದ್ದಿದ್ದ ತಾತನ ತಟ್ಟೆಯನ್ನು ನೋಡಿದ. ಮುಚ್ಚಿದ ಪಾತ್ರೆಯನ್ನು ನೋಡಿದ. ತನ್ನ ಮುಂದೆ ಬಂದ ಚಮಚವನ್ನು ಎರಡೂ ಕೈಯಿಂದ ತಳ್ಳಿದ.

ಕಡ್ಡಿ: ಬೇಡ!

ತಾತ: ಭೇಷ್! ಇದಕ್ಕೆ ಎರಡನೇ ಅರ್ಥ ಹುಡುಕು ನೋಡೋಣ!

ಅಜ್ಜಿ: ಹುಡುಕೋದೇನು? ಬೇಡ ಅಂದ್ರೆ ಬೇಟೆಗಾರ. ಬೇಟೆಗಾರನಿಗೆ ಹಸಿವು ಜಾಸ್ತಿ!

ಬಾಯಲ್ಲಿ ಹಾಗೆಂದರೂ ಚಮಚ ಮುಂದೆ ಹೋಗಲಿಲ್ಲ. ಬಿಗಿದ ಆ ಪುಟ್ಟ ತುಟಿಗಳನ್ನೇ ಕೊಂಚ ಹೊತ್ತು ನೋಡಿದ ಅಜ್ಜಿ, ಮಗುವಿನ ಬಾಯಿ ಒರೆಸಿದರು.

ಮಗಳು: ಬಟ್ಟಲು ನಿನ್ನ ಹತ್ರಾನೇ ಇರಲಿ ಅಮ್ಮ.

ಅಜ್ಜಿ ಉಳಿದ ಗಂಜಿಯನ್ನೆಲ್ಲ ಗಂಡನ ತಟ್ಟೆಗೆ ಸುರಿದರು. ತಾತ ಈ ಸಲ ‘ಸಾಕು’ ಎನ್ನಲಿಲ್ಲ. ತಟ್ಟೆಯನ್ನಷ್ಟೇ ಮುಚ್ಚಿದ ಪಾತ್ರೆಯ ಕಡೆಗೆ ಸರಿಸಿದರು.