ಭೋಗ್ಯಕ್ಕೆ ಹೋದ ಹಲಸಿನ ಮರ

ನರಸೀಪುರದ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಪತ್ರ ಬರೆಯೋದು ನನ್ನ ಕಸುಬು. ಅಡ ಇಡೋರೂ ಬಿಡಿಸಿಕೊಳ್ಳೋರೂ ಮುಖ ಊದಿಸಿಕೊಂಡೇ ಬರ್ತಾರೆ. ಆದ್ರೂ ನಗು ಇಲ್ಲದ ವಾರ ಅಂತ ನಾನು ಕಂಡಿಲ್ಲ. ಹೆಮ್ಮಿಗೆ ಕಡೆಯ ಒಬ್ಬ ಅಜ್ಜಿಯಂತೂ ಒಂದೇ ಮರ ಹಿಡ್ಕೊಂಡು ಮತ್ತೆ ಮತ್ತೆ ನಗಿಸಿದ್ರು.

ನೆರಳಿನ ತಕರಾರು

ಅಜ್ಜಿಯ ಯಜಮಾನರು ಹಿತ್ತಲಿನ ಹಲಸಿನ ಮರಾನ ಪಕ್ಕದ ಮನೆಯಾತನಿಗೆ ಭೋಗ್ಯಕ್ಕೆ ಬರೆದುಕೊಟ್ಟು ತೀರಿಕೊಂಡಿದ್ರು. ಭೋಗ್ಯ ಅಂದ್ರೆ ಬಡ್ಡಿ ಬದಲು ಸಾಲ ಕೊಟ್ಟೋನು ಹಣ್ಣು ತಿಂತಾನೆ, ಸಾಲ ತೀರಿದ ದಿನ ಮರ ವಾಪಸ್. ಬ್ಯಾಂಕು ಬರೋ ಮುಂಚೆ ನಮ್ಮ ಕಡೆ ಗದ್ದೆ, ಮನೆ, ಮರ ಎಲ್ಲ ಹೀಗೇ ಕೈ ಬದಲಾಯಿಸ್ತಿದ್ವು; ಈಗಲೂ ನಿಂತಿಲ್ಲ.

ಆತ ಒಂದಿನ ಮರದಡಿ ಚಾಪೆ ಹಾಸಿ ಮಲಗಿದ. ಅಜ್ಜಿ ಎಬ್ಬಿಸಿ ನನ್ನ ಹತ್ರ ಎಳ್ಕೊಂಡು ಬಂದ್ರು. "ಅಣ್ಣು ನಿಂದು ಕಣ್ಲಾ, ನೆಳ್ಳು ನಂದು! ಪತ್ರದಲ್ಲಿ ನೆಳ್ಳು ಅಂತ ಅದಾ? ಓದು ಮಗ."

ಓದಿದೆ. ನೆರಳಿನ ಸುದ್ದಿಯೇ ಇರಲಿಲ್ಲ. ಅವತ್ತಿಂದ ಆತ ಹಣ್ಣು ಇಳಿಸೋಕೆ ಛತ್ರಿ ಬಿಚ್ಕೊಂಡು ಬರ್ತಿದ್ದ.

ಸರದ ಬಡ್ಡಿ

ಅಜ್ಜಿಗೆ ಇದ್ದದ್ದು ಒಂದೇ ಆಸೆ. "ಕಣ್ಮುಚ್ಚೋದ್ರೊಳಗೆ ನನ್ ಮರದ ಅಣ್ಣ ನಾನೇ ಕುಯ್ದು ಬೀದಿಗೆಲ್ಲ ಅಂಚ್ಬೇಕು." ಕತ್ತಿನ ಸರ ಇಟ್ಟು ಆ ಸಾಲ ತೀರಿಸಲಿ ಅಂತ ಬ್ಯಾಂಕಿಗೆ ಕರ್ಕೊಂಡು ಹೋದೆ. ಮ್ಯಾನೇಜರು ಹೊಸಬರು, ಚಿಕ್ಕ ವಯಸ್ಸು. ಬಡ್ಡಿ ಎಷ್ಟಾಗತ್ತೆ ಅಂತ ವಿವರಿಸಿದ್ರು.

"ಬಡ್ಡಿ ಯಾಕೆ?" ಅಂದ್ರು ಅಜ್ಜಿ. "ನಿಮ್ಮನೇವ್ರು ಸರ ಆಕ್ಕಂಡು ಮದ್ವೆ ಮುಂಜಿಗೆ ಓಗ್ಲಿ, ನಾ ಬ್ಯಾಡ ಅಂತೀನಾ?"

"ಹಾಕ್ಕೊಳ್ಳೋ ಹಾಗಿಲ್ಲ ಅಜ್ಜಿ, ಬೀರುನಲ್ಲಿ ಭದ್ರವಾಗಿರತ್ತೆ."

"ಆಕ್ಕಳಕ್ಕಿಲ್ಲ, ಬುಡಕ್ಕಿಲ್ಲ, ಮ್ಯಾಲೆ ಬಡ್ಡಿ! ನಮ್ ಪಕ್ಕದ್ಮನೆಯವ್ನೇ ವಾಸಿ, ಅಣ್ಣಾದ್ರೂ ತಿಂತಾನೆ."

ಆಧಾರ

ಅಂತೂ ಒಪ್ಪಿಸಿದೆ. ಮ್ಯಾನೇಜರು ನಗು ತಡ್ಕೊಂಡು, "ಸರಿ, ಆಧಾರ್ ಕೊಡಿ" ಅಂದ್ರು. ಅಜ್ಜಿ ಮೇಜಿನ ಮೇಲಿಟ್ಟಿದ್ದ ಸರ ಕಿತ್ಕೊಂಡು ಎದ್ದೇ ಬಿಟ್ರು. ಆ ಕಾಲದೋರಿಗೆ ಆಧಾರ ಅಂದ್ರೆ ಅಡಮಾನ. ಮನೆ ಆಧಾರ, ಗದ್ದೆ ಆಧಾರ ಅಂತಲೇ ಮಾತು.

"ಸರ ಸಾಲ್ದು ಅಂತ ಮನೇನೂ ಆಧಾರ ಬರ್ಕೊಡ್ಬೇಕಾ?"

"ಎಲ್ರೂ ಕೊಡ್ತಾರೆ ಅಜ್ಜಿ, ನಾನೂ ಕೊಟ್ಟಿದ್ದೀನಿ" ಅಂದ್ರು ಮ್ಯಾನೇಜರು.

ಅಜ್ಜಿಯ ಕೋಪ ಜರ್ರನೆ ಇಳೀತು. "ಅಯ್ಯೋ, ನೀನೂ ಆಧಾರ ಮಡಗಿದ್ದೀಯಾ ಮಗ? ಪಾಪ!"

ಫೋಟೋ ಇರೋ ಕಾರ್ಡು ಅಂತ ನಾನು ಬಿಡಿಸಿ ಹೇಳಿದ ಮೇಲೆ ಎಲೆಅಡಿಕೆ ಚೀಲದಿಂದ ಅದು ಹೊರಗೆ ಬಂತು. ಮ್ಯಾನೇಜರ ಮೇಲಿನ ಮರುಕ ಮಾತ್ರ ಹೋದಂಗೆ ಕಾಣಲಿಲ್ಲ.

ಮರ ಬಿಡುಗಡೆಯಾಯ್ತು. ಹಣ್ಣಾದ ದಿನ ಅಜ್ಜಿ ತಾವೇ ಕುಯ್ದು ಬೀದಿಗೆಲ್ಲ ಹಂಚಿದ್ರು. ಪಕ್ಕದ ಮನೆಯಾತನ್ನೂ ಕರೆದು, ಛತ್ರಿ ಮಡಿಸಿ ನೆರಳಲ್ಲೇ ಕೂರಿಸಿ ತಿನ್ನಿಸಿದ್ರು. ಮಿಕ್ಕ ತೊಳೆ ಡಬ್ಬಿಗೆ ತುಂಬ್ಕೊಂಡು ಸೀದಾ ಬ್ಯಾಂಕಿಗೆ ನಡೆದ್ರು. ಮ್ಯಾನೇಜರ ಮುಂದೆ ಇಟ್ಟು, ದನಿ ತಗ್ಗಿಸಿ ಕೇಳಿದ್ರು:

"ನಂದು ಬುಡಿಸ್ಕಂಡೆ ಮಗ. ನಿನ್ ಆಧಾರ ಯಾವಾಗ ಬುಡಿಸ್ಕತೀಯೆ?"